ಹಳೆಯ ಶ್ರೀಮಂತ ಕಾರಿನ ಪರೀಕ್ಷೆ

ಎತ್ತು ಕೊಳ್ಳುವ ವಿಷಯದಲ್ಲಿ ನಮ್ಮ ಸೀಮೆಯ ರೈತನನ್ನು ಮೋಸಗೊಳಿಸುವುದು ಸುಲಭದ ಮಾತಲ್ಲ. ಸಂಕ್ರಮಣದ ಹೊತ್ತಿಗೆ ನೆರೆಯುವ ಸಿದ್ಧೇಶ್ವರ ಜಾತ್ರೆಯ ದನದ ಪೇಟೆಯಲ್ಲಿ ಆತನು ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಮೈಮೇಲೆ ಕೈಯಾಡಿಸಿ ಸುಳಿ ನೋಡುತ್ತಾನೆ. ಹತ್ತು ಮಾರು ನಡೆಸಿ ಕಾಲು ಹಾಕುವ ಬಗೆಯನ್ನು ಗಮನಿಸುತ್ತಾನೆ. ಕೊನೆಗೆ ಟವೆಲಿನ ಮರೆಯಲ್ಲಿ ದಲ್ಲಾಳಿಯ ಬೆರಳು ಹಿಡಿದು ಬೆಲೆ ಕಟ್ಟುತ್ತಾನೆ. ಇಷ್ಟೊಂದು ಎಚ್ಚರವುಳ್ಳ ಮನುಷ್ಯನೇ, ಒಣದ್ರಾಕ್ಷಿಯ ಹಣ ಕೈಗೆ ಬಂದ ವರ್ಷ, ಪುಣೆಯಿಂದಲೋ ದಿಲ್ಲಿಯಿಂದಲೋ ಬಂದ ಹಳೆಯ ಮರ್ಸಿಡಿಸ್ ಕಾರಿನ ಬಣ್ಣವನ್ನೂ ಮೂಗಿನ ಮೇಲಿನ ನಕ್ಷತ್ರವನ್ನೂ ನೋಡಿ ಅರ್ಧ ಗಂಟೆಯೊಳಗೆ ಮುಂಗಡ ಕೊಟ್ಟು ಬರುವುದುಂಟು. ಎತ್ತಿಗೆ ಹಲ್ಲಿರುವಂತೆ ಕಾರಿಗೂ ಹಲ್ಲುಂಟು. ಅದನ್ನು ಎಲ್ಲಿ ನೋಡಬೇಕೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಮೋಟಾರಿನ ಮಾತೇಕೆ ಎಂದು ಗುರುಗಳು ಕೇಳಬಹುದು. ನಮ್ಮಲ್ಲಿ ಅನೇಕರು ತಿಕೋಟಾ, ಬಬಲೇಶ್ವರ ತಾಲೂಕುಗಳ ಹಳ್ಳಿಗಳಿಂದ ಬರುವವರು. ಅದು ದ್ರಾಕ್ಷಿಯ ಸೀಮೆ. ಬೇಸಿಗೆಯಲ್ಲಿ ಶೆಡ್ಡುಗಳಲ್ಲಿ ಒಣಗಿದ ಹಣ್ಣು ತಾಸಗಾಂವಕ್ಕೋ ನಮ್ಮ ಊರಿನ ಮಾರುಕಟ್ಟೆಗೋ ಹೋಗಿ, ವರ್ಷದ ಗಳಿಕೆಯೆಲ್ಲ ಒಮ್ಮೆಲೇ ಕೈಗೆ ಬರುತ್ತದೆ. ಹಣ ಒಮ್ಮೆಲೇ ಬರುವ ಮನೆಗಳಲ್ಲಿ ದೊಡ್ಡ ಖರೀದಿಯೂ ಒಮ್ಮೆಲೇ ನಡೆಯುವುದು ಸಹಜವೇ ಸರಿ. ಆ ಹೊತ್ತಿಗೆ ಫೋನಿನಲ್ಲಿ ಜಾಹೀರಾತನ್ನು ತೋರಿಸಿ, ಇಂಗ್ಲಿಷಿನ ಕಾಗದಗಳನ್ನು ಓದಿ ಹೇಳುವವನು ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಮಗನೇ, ಇಲ್ಲವೆ ಮಗಳೇ. "ನೀ ಓದಿದಾಂವ, ನೋಡಿ ಹೇಳಪಾ" ಎಂದು ಅಪ್ಪ ಕೇಳಿದಾಗ ಉತ್ತರ ನಮ್ಮ ಕೈಯಲ್ಲಿರಬೇಕು. ನನಗೆ ತಿಳಿದಿರುವುದರಲ್ಲಿ ಬಹುಪಾಲು ನನ್ನ ಸೋದರಮಾವನಿಂದ ಬಂದುದು. ಆತ ಸೋಲಾಪುರ ರಸ್ತೆಯ ಒಂದು ಗ್ಯಾರೇಜಿನಲ್ಲಿ ಮಿಸ್ತ್ರಿ. ರಜೆಯ ದಿನಗಳಲ್ಲಿ ಆತನ ಪಕ್ಕದಲ್ಲಿ ಪಾನಾ ಹಿಡಿದು ನಿಂತವನು ನಾನು.

ಎಲ್ಲಕ್ಕೂ ಮೊದಲು ಒಂದು ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಕಾರು ಹಳೆಯದಾದಂತೆ ಅದರ ಬೆಲೆ ಇಳಿಯುತ್ತದೆ. ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಹೊಸದಿದ್ದಾಗ 40 ಲಕ್ಷ ರೂಪಾಯಿಯ ಆಸುಪಾಸಿನಲ್ಲಿದ್ದ ಕಾರು ಹನ್ನೆರಡು ವರ್ಷದ ಮೇಲೆ ಏಳೆಂಟು ಲಕ್ಷಕ್ಕೆ, ಅಂದರೆ ಒಂದು ಹೊಸ ಸಣ್ಣ ಕಾರಿನ ಬೆಲೆಗೆ, ಸಿಕ್ಕೀತು. ಆದರೆ ಅದರ ಹೊಟ್ಟೆಯೊಳಗಿನ ಪ್ರತಿಯೊಂದು ಭಾಗವೂ 40 ಲಕ್ಷದ ಕಾರಿನ ಭಾಗವೇ ಆಗಿ ಉಳಿದಿರುತ್ತದೆ. ಮಾರುವವನು ಹೇಳುವುದು ಕೊಳ್ಳುವ ಬೆಲೆಯನ್ನು. ನಾವು ಕೇಳಬೇಕಾದುದು ಸಾಕುವ ಬೆಲೆಯನ್ನು.

ನಮ್ಮ ಹಿರಿಯರ ಕಾಲದಲ್ಲಿ ಈ ವ್ಯತ್ಯಾಸ ಇಷ್ಟು ದೊಡ್ಡದಿರಲಿಲ್ಲ. ಅಂಬಾಸಿಡರ್ ಕಾರು ಕೆಟ್ಟು ನಿಂತರೆ ದಾರಿಯ ಮೇಲಿನ ಯಾವ ಮಿಸ್ತ್ರಿಯಾದರೂ ಸುತ್ತಿಗೆ, ತಂತಿ ಹಿಡಿದು ಅದನ್ನು ಮನೆ ಮುಟ್ಟಿಸುತ್ತಿದ್ದ. ಅದರ ತಯಾರಿಕೆ 2014ರಲ್ಲಿ ನಿಂತುಹೋಯಿತು. ಮರ್ಸಿಡಿಸ್ ಕಂಪನಿಯು 1995ರಲ್ಲಿ ಪುಣೆಯ ಬಳಿ ಇ-ಕ್ಲಾಸ್ ಕಾರುಗಳನ್ನು ಜೋಡಿಸತೊಡಗಿತು. 2007ರಲ್ಲಿ ಬಿಎಂಡಬ್ಲ್ಯು ಚೆನ್ನೈಯಲ್ಲಿಯೂ ಆಡಿ ಔರಂಗಾಬಾದಿನಲ್ಲಿಯೂ ಕಾರು ಜೋಡಣೆಗೆ ಕೈಹಾಕಿದವು. ಆ ಮೇಲಿನ ಏಳೆಂಟು ವರ್ಷ ನಗರದ ಶ್ರೀಮಂತರು ಕೊಂಡ ಕಾರುಗಳೇ ಇಂದು ಎರಡನೆಯ, ಮೂರನೆಯ ಕೈಗೆ ದಾಟಿ ನಮ್ಮ ಕಡೆಗೆ ಬರುತ್ತಿವೆ. ದಿಲ್ಲಿಯ ಕಾರುಗಳು ಅಗ್ಗವಾಗಿರುವುದಕ್ಕೆ ಇನ್ನೊಂದು ಕಾರಣವುಂಟು. ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳು ರಾಜಧಾನಿಯ ಪ್ರದೇಶದಲ್ಲಿ ಓಡಬಾರದೆಂದು 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಆಜ್ಞೆ ಮಾಡಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. 2025ರಲ್ಲಿ ಈ ಕಟ್ಟಳೆಯನ್ನು ಕೆಲಮಟ್ಟಿಗೆ ಸಡಿಲಿಸಲಾಯಿತಾದರೂ, ಅಷ್ಟರಲ್ಲಿ ಅಸಂಖ್ಯ ಕಾರುಗಳು ಹೊರರಾಜ್ಯಗಳ ದಾರಿ ಹಿಡಿದಿದ್ದವು. ಅಗ್ಗದ ಕಾರೆಲ್ಲ ಕೆಟ್ಟ ಕಾರಲ್ಲ ಎಂಬುದಕ್ಕಾಗಿ ಈ ಮಾತು ಹೇಳಿದೆ. ಏಕೆ ಅಗ್ಗವೆಂದು ತಿಳಿದಿರಬೇಕು, ಅಷ್ಟೆ.

ಇನ್ನು ಪರೀಕ್ಷೆಗೆ ಬರೋಣ. ಕಾರು ನೋಡಲು ಹೋಗುವ ಮುನ್ನ ಮಾರುವವನಿಗೆ ಒಂದು ಕರಾರು ಹಾಕಬೇಕು: ನಾವು ಬರುವವರೆಗೆ ಇಂಜಿನ್ ಚಾಲೂ ಮಾಡಕೂಡದು. ಹೋದೊಡನೆ ನಮ್ಮ ಮಾಮಾ ಬಾನೆಟ್ಟಿನ ಮೇಲೆ ಅಂಗೈ ಇಡುತ್ತಾನೆ. ಒಮ್ಮೆ ಅದು ಬೆಚ್ಚಗಿತ್ತು. "ಗಾಡಿ ಯಾಕ ಬಿಸಿ ಮಾಡೀರಿ?" ಎಂದು ಕೇಳಿದ. "ನಿಮಗ ತ್ರಾಸ ಆಗಬಾರದಂತ ಸಾಹೇಬ್ರ" ಎಂದು ಏಜೆಂಟ ನಕ್ಕ. ಮಾಮಾ ಚಹಾ ಕುಡಿದು, ನಾಳೆ ಮುಂಜಾನೆ ಬರುತ್ತೇವೆಂದು ಹೇಳಿ ಎದ್ದುಬಂದ. ಇಂಜಿನ್ನಿನ ಬಹಳಷ್ಟು ರೋಗಗಳು ರಾತ್ರಿಯೆಲ್ಲ ತಣ್ಣಗೆ ನಿಂತು ಮುಂಜಾನೆ ಎದ್ದಾಗ ಮಾತ್ರ ಬಾಯಿಬಿಡುತ್ತವೆ. ಎಣ್ಣೆ ಬಿಸಿಯಾಗಿ ಎಲ್ಲ ಕಡೆ ಹರಿದ ಮೇಲೆ ಸುಮ್ಮನಾಗಿಬಿಡುತ್ತವೆ.

ತಣ್ಣಗಿನ ಇಂಜಿನ್ ಚಾಲೂ ಆದಾಗ ಮೊದಲ ಕೆಲವು ಕ್ಷಣ ಸರಪಳಿ ಕುಣಿದಂತಹ ಖಡಖಡ ಶಬ್ದ ಬಂದರೆ, ಅದು ಬಹುಶಃ ಟೈಮಿಂಗ್ ಚೈನಿನ ಶಬ್ದ. ಇಂಜಿನ್ನಿನ ಕವಾಟಗಳು ಪಿಸ್ಟನ್ನಿನ ತಾಳಕ್ಕೆ ಸರಿಯಾಗಿ ತೆರೆದು ಮುಚ್ಚುವಂತೆ ನಡೆಸುವುದು ಈ ಚೈನು. ಅದು ಸಡಿಲಾಗಿ ಹಲ್ಲು ಜಿಗಿದರೆ ಅಥವಾ ಹರಿದರೆ ಪಿಸ್ಟನ್ನು ಹೋಗಿ ಕವಾಟಕ್ಕೆ ಬಡಿಯುತ್ತದೆ. ಇಂಜಿನ್ ಅಲ್ಲಿಗೆ ಮುಗಿಯಿತು. 2007ರಿಂದ ಕೆಲವು ವರ್ಷ ಬಿಎಂಡಬ್ಲ್ಯು 320ಡಿ, 520ಡಿ ಕಾರುಗಳಲ್ಲಿ ಬಂದ ಎನ್47 ಎಂಬ ಡೀಸೆಲ್ ಇಂಜಿನ್ನಿಗೆ ಈ ರೋಗ ಪ್ರಸಿದ್ಧವಾದುದು. ಅದರಲ್ಲಿ ಚೈನನ್ನು ಇಂಜಿನ್ನಿನ ಹಿಂಭಾಗದಲ್ಲಿ, ಗೇರ್‌ಬಾಕ್ಸಿನ ಕಡೆಗೆ ಕೂರಿಸಿದ್ದಾರೆ. ಆದುದರಿಂದ ಚೈನು ಬದಲಿಸುವುದು ದಿನವೊಂದರ ಕೆಲಸವಾಗದೆ, ಇಂಜಿನ್ನನ್ನೋ ಗೇರ್‌ಬಾಕ್ಸನ್ನೋ ಕೆಳಗಿಳಿಸುವ ದೊಡ್ಡ ಶಸ್ತ್ರಚಿಕಿತ್ಸೆಯೇ ಆಗುತ್ತದೆ. ಅದೇ ಕಾಲದ ಆಡಿ ಎ4ರ ಪೆಟ್ರೋಲ್ ಇಂಜಿನ್ನುಗಳದು ಬೇರೆ ಚಾಳಿ: ಪಿಸ್ಟನ್ನಿನ ಉಂಗುರಗಳ ದೋಷದಿಂದ ಎಣ್ಣೆ ಕುಡಿಯುತ್ತವೆ. ಇದನ್ನು ಕಂಡುಹಿಡಿಯಲು ಹೊಗೆಯ ಬಣ್ಣವನ್ನು ನೋಡಬೇಕು. ನೀಲಿ ಹೊಗೆಯೆಂದರೆ ಎಣ್ಣೆ ಉರಿಯುತ್ತಿದೆ. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆಯೆಂದರೆ ನೀರು ಒಳಗೆ ಇಳಿಯುತ್ತಿದೆ. ಕಪ್ಪು ಹೊಗೆಯೆಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ. ಎಣ್ಣೆ ಹಾಕುವ ಮುಚ್ಚಳವನ್ನು ಬಿಚ್ಚಿ ನೋಡಿದಾಗ ಅದರ ಒಳಬದಿಗೆ ಹಾಲಿನ ಕೆನೆಯಂತಹ ಪದಾರ್ಥ ಅಂಟಿದ್ದರೆ ಎಣ್ಣೆಗೆ ನೀರು ಕೂಡಿರುವ ಸಂಶಯ ಪಡಬೇಕು.

ನಮ್ಮ ಜಿಲ್ಲೆಯ ಬಿಸಿಲಿನ ವಿಷಯ ಹೇಳಬೇಕಾದುದಿಲ್ಲ. ಈ ಕಾರುಗಳಲ್ಲಿ ಇಂಜಿನ್ನನ್ನು ತಣಿಸುವ ನೀರು ಹರಿಯುವ ಕೊಳವೆಗಳು, ನೀರಿನ ಡಬ್ಬಿ ಮುಂತಾದವುಗಳಲ್ಲಿ ಬಹುಪಾಲು ಪ್ಲಾಸ್ಟಿಕ್ಕಿನವು. ಹತ್ತು ವರ್ಷದ ಕಾವಿಗೆ ಪ್ಲಾಸ್ಟಿಕ್ಕು ಹಪ್ಪಳದಂತೆ ಸಿಡುಕಾಗುತ್ತದೆ. ಮುಂಜಾನೆಯ ಪರೀಕ್ಷೆ ಮುಗಿದ ಮೇಲೆ ಏಸಿ ಹಾಕಿಕೊಂಡು ನಡುಮಧ್ಯಾಹ್ನದಲ್ಲಿ ಅರ್ಧ ಗಂಟೆ ಗಾಡಿ ಓಡಿಸಿ, ಬಂದು ನಿಲ್ಲಿಸಿ, ಹತ್ತು ನಿಮಿಷ ಹಾಗೆಯೇ ಚಾಲೂ ಇಟ್ಟು ಕಾವಿನ ಮುಳ್ಳು ಏರುವುದೋ ಇಲ್ಲವೋ ನೋಡುವುದು ಉತ್ತಮ.

ಗೇರ್‌ಬಾಕ್ಸಿನ ಬಗ್ಗೆ ಒಂದು ತಪ್ಪು ತಿಳುವಳಿಕೆ ಇದೆ. ತಾನಾಗಿ ಗೇರು ಬದಲಿಸಿಕೊಳ್ಳುವ ಕಾರುಗಳ ಗೇರ್ ಎಣ್ಣೆಯನ್ನು ಆಯುಷ್ಯದುದ್ದಕ್ಕೂ ಬದಲಿಸಬೇಕಾಗಿಲ್ಲ ಎಂದು ಹಲವು ಕಂಪನಿಗಳು ಹೇಳಿದವು. ಯಾರ ಆಯುಷ್ಯವೆಂದು ಹೇಳಲಿಲ್ಲ! ಮೊದಲ ಒಡೆಯನ ಕಾಲಕ್ಕೆ ಅದು ಸಾಕಾಗಬಹುದು. ಮೂರನೆಯವನ ಪಾಲಿಗೆ ಬರುವುದು ಸುಟ್ಟ ಕಪ್ಪು ಎಣ್ಣೆ. ತುಂಬಿದ ಪೇಟೆಯಲ್ಲಿ ನಿಧಾನವಾಗಿ ಚಲಿಸುವಾಗ ಗಾಡಿ ತಡವರಿಸಿದರೆ, ನಿಂತಲ್ಲಿ ರಿವರ್ಸಿನಿಂದ ಮುಂದಿನ ಗೇರಿಗೆ ಹಾಕಿದಾಗ ಹಿಂದಿನಿಂದ ಯಾರೋ ನೂಕಿದಂತೆ ಧಕ್ಕೆ ಕೊಟ್ಟರೆ, ಬೆಲೆಯ ಮಾತನ್ನು ಅಲ್ಲಿಗೇ ನಿಲ್ಲಿಸುವುದು ಲೇಸು. ಹಳ್ಳಿಯ ಮಿತ್ರರು ನೆನಪಿಡಬೇಕಾದ ಸಂಗತಿ ಇನ್ನೊಂದಿದೆ. ಇಂತಹ ಕಾರು ತೋಟದ ದಾರಿಯಲ್ಲಿ ಕೆಟ್ಟು ನಿಂತರೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದುಕೊಂಡು ಬರುವಂತಿಲ್ಲ. ಇಂಜಿನ್ ನಿಂತಾಗ ಗೇರ್‌ಬಾಕ್ಸಿನೊಳಗೆ ಎಣ್ಣೆ ಓಡಾಡುವುದಿಲ್ಲ; ಚಕ್ರ ಉರುಳಿದಷ್ಟೂ ಅದು ಒಣಗಿ ತಿಕ್ಕಿ ಹಾಳಾಗುತ್ತದೆ. ಇಡೀ ಗಾಡಿಯನ್ನು ಲಾರಿಯ ಮೇಲೇರಿಸಿಯೇ ಒಯ್ಯಬೇಕು. ಒಯ್ಯುವುದಾದರೂ ಎಲ್ಲಿಗೆ? ತಿಕೋಟಾದಿಂದ ವಿಜಯಪುರಕ್ಕೆ ಬಂದರೂ ಮುಗಿಯದೆ, ಕೆಲಸಕ್ಕನುಸಾರವಾಗಿ ಹುಬ್ಬಳ್ಳಿಯ ಕಡೆಗೋ ಪುಣೆಯ ಕಡೆಗೋ ಮುಖ ಮಾಡಬೇಕಾದೀತು. ಆ ಬಾಡಿಗೆಯೂ ಸಾಕುವ ಬೆಲೆಯೊಳಗೇ ಸೇರಿತು.

ಈಗ ನನ್ನ ಮನಸ್ಸಿಗೆ ಎಲ್ಲಕ್ಕಿಂತ ಸ್ವಾರಸ್ಯವೆನಿಸಿದ ಭಾಗ. ಮರ್ಸಿಡಿಸ್ಸಿನ ಎಸ್-ಕ್ಲಾಸ್, ಆಡಿ ಕ್ಯೂ7 ಮುಂತಾದ ಗಾಡಿಗಳಲ್ಲಿ ಉಕ್ಕಿನ ಸ್ಪ್ರಿಂಗುಗಳ ಬದಲಾಗಿ ಗಾಳಿ ತುಂಬಿದ ರಬ್ಬರಿನ ಚೀಲಗಳು ಕಾರಿನ ಭಾರವನ್ನು ಹೊರುತ್ತವೆ. ಸಣ್ಣದೊಂದು ಪಂಪು ಅವಕ್ಕೆ ಗಾಳಿ ಊದುತ್ತಿರುತ್ತದೆ. ಕುಳಿತವನಿಗೆ ಹೂವಿನ ಮೇಲೆ ಹೋದಂತಾಗುವುದು ಇದರಿಂದಲೇ. ಆದರೆ ರಬ್ಬರು ಹತ್ತು ವರ್ಷಕ್ಕೆ ಬಿರಿಯುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ಗಾಳಿ ಸೋರಿ, ಸೋರಿದ್ದನ್ನು ತುಂಬಲು ಪಂಪು ಹಗಲಿರುಳು ದುಡಿದು ಕೊನೆಗೆ ಅದೂ ಸುಟ್ಟುಹೋಗುತ್ತದೆ. ಪರೀಕ್ಷೆ ಬಹಳ ಸುಲಭ. ಸಂಜೆ ಗಾಡಿ ನಿಲ್ಲಿಸಿದಾಗ ನಾಲ್ಕೂ ಚಕ್ರಗಳ ಮೇಲಿನ ಕಮಾನಿಗೂ ನೆಲಕ್ಕೂ ಇರುವ ಅಂತರವನ್ನು ಗೇಣು ಹಾಕಿ ಅಳೆದಿಟ್ಟುಕೊಂಡು, ಮರುದಿನ ಮುಂಜಾನೆ ಇಂಜಿನ್ ಚಾಲೂ ಮಾಡುವ ಮುನ್ನ ಮತ್ತೆ ಅಳೆಯಬೇಕು. ಒಂದು ಮೂಲೆ ಕುಂಟೆತ್ತಿನಂತೆ ಕುಸಿದಿದ್ದರೆ ಆ ಚೀಲ ಸೋರುತ್ತಿದೆ ಎಂದರ್ಥ. ಇಂತಹ ಒಂದು ಕಾಲಿನ ಹೊಸ ಭಾಗಕ್ಕೆ ಒಂದು ಲಕ್ಷ ರೂಪಾಯಿ ಮುಟ್ಟುವುದು ಅಪರೂಪವಲ್ಲ. ಒಣದ್ರಾಕ್ಷಿಗೆ ಕಿಲೋಗೆ 200 ರೂಪಾಯಿ ಸಿಕ್ಕಿತೆಂದು ಇಟ್ಟುಕೊಂಡರೆ, ಒಂದು ಲಕ್ಷವೆಂದರೆ 500 ಕಿಲೋ ಒಣದ್ರಾಕ್ಷಿ. ಒಂದು ಕಿಲೋ ಒಣಗಲು ಹೆಚ್ಚುಕಡಿಮೆ ನಾಲ್ಕು ಕಿಲೋ ಹಸಿ ಹಣ್ಣು ಬೇಕಾದುದರಿಂದ, ಎರಡು ಟನ್ ದ್ರಾಕ್ಷಿ ಕಾರಿನ ಒಂದು ಕಾಲಿಗೆ ಹೋಯಿತು! ಔಷಧ, ಗೊಬ್ಬರ, ಆಳಿನ ಖರ್ಚು ಇದರಲ್ಲಿ ಹಿಡಿದಿಲ್ಲ. ಕಾರಿಗೆ ಕಾಲುಗಳು ನಾಲ್ಕು.

ನೀರಿನಲ್ಲಿ ಮುಳುಗಿದ ಕಾರು ಇದಕ್ಕಿಂತಲೂ ಅಪಾಯಕಾರಿ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. 2015ರ ಡಿಸೆಂಬರಿನಲ್ಲಿ ಚೆನ್ನೈ, 2019ರ ಆಗಸ್ಟಿನಲ್ಲಿ ನಮ್ಮ ನೆರೆಯ ಸಾಂಗಲಿ, ಕೊಲ್ಲಾಪುರ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಶ್ರೀಮಂತ ಬಡಾವಣೆಗಳು ನೀರಿನಲ್ಲಿ ನಿಂತವು. ಹೀಗೆ ಮುಳುಗಿದ ಕಾರುಗಳನ್ನು ವಿಮಾ ಕಂಪನಿಗಳು ಹರಾಜಿನಲ್ಲಿ ಮಾರಿಬಿಡುತ್ತವೆ. ಕೊಂಡವರು ತೊಳೆದು, ಒಣಗಿಸಿ, ಅತ್ತರು ಹೊಡೆದು ದೂರದ ಊರುಗಳಿಗೆ ಕಳಿಸುತ್ತಾರೆ. ದೂರದ ಊರೆಂದರೆ ನಮ್ಮದೇ. ಹಳೆಯ ಅಂಬಾಸಿಡರ್ ಆಗಿದ್ದರೆ ಬಿಸಿಲಿಗೆ ನಿಲ್ಲಿಸಿದರೆ ಸಾಕಾಗುತ್ತಿತ್ತೇನೋ. ಈ ಕಾರುಗಳಲ್ಲಿ ಸೀಟಿನ ಅಡಿಗೆ, ನೆಲಹಾಸಿನ ಕೆಳಗೆ ಸಣ್ಣ ಗಣಕಪೆಟ್ಟಿಗೆಗಳನ್ನು ಹುದುಗಿಸಿರುತ್ತಾರೆ. ನೀರು ಹೊಕ್ಕ ಪೆಟ್ಟಿಗೆ ಆರು ತಿಂಗಳು ಕೆಲಸ ಮಾಡಿ, ಒಳಗೊಳಗೇ ಕಿಲುಬು ಹಿಡಿದು ಒಂದು ದಿನ ಬಾಗಿಲನ್ನೂ ತೆರೆಯಗೊಡದೆ ನಿಲ್ಲುತ್ತದೆ. ಕಾರಿನೊಳಗೆ ಅತಿಯಾದ ಸುವಾಸನೆ ಇದ್ದರೆ ಅದೇ ಮೊದಲ ಗುರುತು. ಸೀಟ್ ಬೆಲ್ಟನ್ನು ಕೊನೆಯತನಕ ಎಳೆದು ನೋಡಿರಿ. ತೊಳೆಯುವವರು ಅದರ ತುದಿಯನ್ನು ಮರೆಯುತ್ತಾರೆ, ಕೆಸರಿನ ಗೆರೆ ಅಲ್ಲಿ ಉಳಿದಿರುತ್ತದೆ. ಸೀಟು ಸರಿಯುವ ಕಂಬಿಗಳ ತುಕ್ಕು, ಸ್ಟೆಪ್ನಿ ಇಡುವ ಗುಂಡಿಯಲ್ಲಿನ ಒಣ ರಾಡಿ, ದೀಪದ ಗಾಜಿನೊಳಗಿನ ಮಂಜು ಇವೂ ಸಾಕ್ಷಿ ಹೇಳುತ್ತವೆ.

ಕೀಲಿ ತಿರುಗಿಸಿದಾಗ ಮುಂದಿನ ಫಲಕದಲ್ಲಿ ಎಚ್ಚರಿಕೆಯ ದೀಪಗಳೆಲ್ಲ ಒಮ್ಮೆ ಹೊತ್ತಿ, ಇಂಜಿನ್ ಚಾಲೂ ಆದ ಮೇಲೆ ಒಂದೊಂದಾಗಿ ಆರಬೇಕು. ಹೊತ್ತಿದ್ದು ಆರದಿದ್ದರೆ ದೋಷವೆಂದು ಎಲ್ಲರೂ ಬಲ್ಲರು; ಹೊತ್ತಲೇ ಇಲ್ಲದಿದ್ದರೆ ಅದು ಇನ್ನೂ ದೊಡ್ಡ ದೋಷ, ಏಕೆಂದರೆ ಆ ದೀಪವನ್ನು ಬೇಕೆಂದೇ ಕುರುಡಾಗಿಸಿರಬಹುದು. ಏರ್‌ಬ್ಯಾಗಿನ ದೀಪಕ್ಕೆ ಈ ಗತಿ ಬರುವುದುಂಟು. ಗ್ಯಾರೇಜಿನ ಸ್ಕ್ಯಾನರನ್ನು ಜೋಡಿಸಿ ಒಳಗಿನ ದೋಷಗಳ ಪಟ್ಟಿಯನ್ನು ಓದಿಸುವುದಕ್ಕೆ ಹೆಚ್ಚು ಹಣ ಬೇಕಿಲ್ಲ. ಕಿಲೋಮೀಟರಿನ ಅಂಕಿಯನ್ನು ತಿದ್ದಿದವರು ಎಷ್ಟೋ ಸಲ ಮುಂದಿನ ಫಲಕವನ್ನು ಮಾತ್ರ ತಿದ್ದಿರುತ್ತಾರೆ. ಒಳಗಿನ ಬೇರೆ ಪೆಟ್ಟಿಗೆಗಳಲ್ಲಿ ನಿಜವಾದ ಅಂಕಿ ಉಳಿದಿರುವುದುಂಟು. ಸ್ಕ್ಯಾನರು ಇಲ್ಲದಿದ್ದರೆ ಕಣ್ಣಿದೆ: 50,000 ಕಿಲೋಮೀಟರ್ ಓಡಿದೆಯೆಂದು ಹೇಳುವ ಕಾರಿನ ಬ್ರೇಕಿನ ಪೆಡಲು ಹಳೆಯ ಬಚ್ಚಲುಗಲ್ಲಿನಂತೆ ನುಣುಪಾಗಿದ್ದರೆ ಯಾವುದನ್ನು ನಂಬಬೇಕೆಂದು ಹೇಳಬೇಕಾಗಿಲ್ಲ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ ಅದು 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದು. ಇಲಿಯ ಕಾಟವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ದ್ರಾಕ್ಷಿಯ ಶೆಡ್ಡಿನ ಪಕ್ಕದಲ್ಲಿ ನಿಲ್ಲುವ ಕಾರಿನ ತಂತಿಗಳನ್ನು ಇಲಿ ಕಡಿಯುವುದು ನಮ್ಮಲ್ಲಿ ನಿತ್ಯದ ಮಾತು, ಮತ್ತು ಇಂತಹ ಕಾರಿನ ತಂತಿಯ ಕಟ್ಟು ಒಂದು ಬಳ್ಳಿಯ ಚಪ್ಪರದಷ್ಟು ಗೋಜಲು.

ಕಾಗದಪತ್ರಗಳ ಪರೀಕ್ಷೆಗೆ ಮಿಸ್ತ್ರಿ ಬೇಡ, ನಾವೇ ಸಾಕು. ಹೊರರಾಜ್ಯದ ಕಾರನ್ನು ಕರ್ನಾಟಕದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಇಲ್ಲಿಯ ನೋಂದಣಿ ಸಂಖ್ಯೆ, ಅಂದರೆ ನಮ್ಮಲ್ಲಿ ಕೆಎ 28, ಪಡೆಯಲೇಬೇಕೆಂದು 1988ರ ಮೋಟಾರು ವಾಹನ ಕಾಯಿದೆ ಹೇಳುತ್ತದೆ. ಅದಕ್ಕೆ ಹಳೆಯ ರಾಜ್ಯದ ಸಾರಿಗೆ ಕಚೇರಿಯಿಂದ 28ನೆಯ ನಮೂನೆಯ ನಿರಾಕ್ಷೇಪಣಾ ಪತ್ರ ಬೇಕು. ಹೆಸರು ಬದಲಾಯಿಸಲು 29 ಮತ್ತು 30ನೆಯ ನಮೂನೆಗಳು. ಹಿಂದಿನವನು ಬ್ಯಾಂಕಿನ ಸಾಲ ಮಾಡಿ ಕೊಂಡಿದ್ದರೆ ಸಾಲ ತೀರಿದುದಕ್ಕೆ 35ನೆಯ ನಮೂನೆ. ಎಲ್ಲಕ್ಕಿಂತ ಮಿಗಿಲಾಗಿ ಕರ್ನಾಟಕದ ಆಜೀವ ತೆರಿಗೆ. ಅದನ್ನು ಲೆಕ್ಕ ಹಾಕುವುದು ನಾವು ಕೊಟ್ಟ ಏಳೆಂಟು ಲಕ್ಷದ ಮೇಲಲ್ಲ. ಕಾರಿನ ಮೂಲ ಬೆಲೆಯನ್ನು ಹಿಡಿದು, ವಯಸ್ಸಿಗೆ ತಕ್ಕಂತೆ ಕಡಿಮೆ ಮಾಡಿ. ಮುಂಗಡ ಕೊಡುವ ಮುನ್ನ ಸಾರಿಗೆ ಕಚೇರಿಗೆ ಹೋಗಿ ಈ ಮೊತ್ತವನ್ನು ಕೇಳಿ ತಿಳಿದುಕೊಳ್ಳದವನು ಅರ್ಧ ಬೆಲೆಯನ್ನು ಮಾತ್ರ ಕೇಳಿದಂತೆ.

"ಹೆಸರಿಗೆ ಮಾಡೂದು ಆಮ್ಯಾಲ ನೋಡಿದರಾತು" ಎಂಬುದು ಏಜೆಂಟರ ಬಾಯಿಪಾಠ. 2021ರ ಆಗಸ್ಟಿನಲ್ಲಿ ಬೆಂಗಳೂರಿನ ಸಾರಿಗೆ ಅಧಿಕಾರಿಗಳು ಹಲವು ಶ್ರೀಮಂತ ಕಾರುಗಳನ್ನು ಹಿಡಿದು ನಿಲ್ಲಿಸಿದರು. ಅವುಗಳಲ್ಲೊಂದು ರೋಲ್ಸ್ ರಾಯ್ಸ್ ಫ್ಯಾಂಟಮ್ ಕಾರಿನ ಕಾಗದದಲ್ಲಿ ಚಿತ್ರನಟ ಅಮಿತಾಭ್ ಬಚ್ಚನ್ನರ ಹೆಸರಿತ್ತು. ಅವರು ಅದನ್ನು 2019ರಲ್ಲಿಯೇ ಮಾರಿಬಿಟ್ಟಿದ್ದರು. ಹೆಸರು ಮಾತ್ರ ಬದಲಾಗಿರಲಿಲ್ಲ. ಕೋಟಿಗಟ್ಟಲೆ ಬೆಲೆಯ ಕಾರಿಗೇ ಹೀಗಾದರೆ ನಮ್ಮ ಪಾಡೇನು? ಮಾರುವವನಿಗೂ ಇದು ಒಳ್ಳೆಯದಲ್ಲ. ಅಪಘಾತವಾದರೆ ಪರಿಹಾರದ ಹೊಣೆ ಕಾಗದದಲ್ಲಿ ಯಾರ ಹೆಸರಿದೆಯೋ ಅವರದೇ ಎಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೀರ್ಪು ಕೊಟ್ಟಿದೆ. ಎಂ-ಪರಿವಾಹನ್ ಎಂಬ ಸರಕಾರಿ ಆ್ಯಪಿನಲ್ಲಿ ಕಾರಿನ ಸಂಖ್ಯೆ ಹಾಕಿದರೆ ನೋಂದಣಿಯ ದಿನಾಂಕ, ವಿಮೆಯ ಅವಧಿ ಮುಂತಾದವು ನಿಮಿಷದಲ್ಲಿ ಕಾಣುತ್ತವೆ. ಖಾಸಗಿ ಕಾರಿನ ನೋಂದಣಿಗೆ 15 ವರ್ಷ ಆಯುಷ್ಯ. ಆ ಮೇಲೆ ಗಾಡಿಯನ್ನು ತಪಾಸಣೆಗೆ ಒಡ್ಡಿ ಐದೈದು ವರ್ಷಕ್ಕೆ ನವೀಕರಿಸಬೇಕು. 14 ವರ್ಷದ ಕಾರು 12 ವರ್ಷದ್ದಕ್ಕಿಂತ ಅಷ್ಟೊಂದು ಅಗ್ಗವೇಕೆಂಬುದಕ್ಕೆ ಇದೂ ಕಾರಣ.

ಹಾಗಾದರೆ ಕೊಳ್ಳಲೇಬಾರದೆ? ಹಾಗೆ ನಾನು ಹೇಳಲಾರೆ. ಒಬ್ಬನೇ ಒಡೆಯನ ಕೈಯಲ್ಲಿ ಬೆಳೆದು, ಪ್ರತಿ ವರ್ಷದ ದುರಸ್ತಿಯ ಚೀಟಿಗಳನ್ನು ಬೆನ್ನಿಗೆ ಕಟ್ಟಿಕೊಂಡು ಬಂದ ಸರಳ ಕಾರು, ಅಂದರೆ ಗಾಳಿಚೀಲಗಳಿಲ್ಲದ, ಉಕ್ಕಿನ ಸ್ಪ್ರಿಂಗಿನ ಕಾರು, ಇನ್ನೂ ಹಲವು ವರ್ಷ ಸುಖವಾಗಿ ಓಡೀತು. ಬಣ್ಣ ಮಾಸಿದ್ದರೂ ಚೀಟಿಗಳಿರುವ ಕಾರನ್ನು ನಾನು ಆರಿಸುವೆನೇ ಹೊರತು ಮಿಂಚುವ, ಚೀಟಿಗಳಿಲ್ಲದ ಕಾರನ್ನಲ್ಲ. ಕೈಯಲ್ಲಿ ಎಂಟು ಲಕ್ಷವಿದ್ದರೆ ಐದೂವರೆಯ ಕಾರನ್ನು ನೋಡಬೇಕು. ಉಳಿದುದು ಮೊದಲ ವರ್ಷದ ತೆರಿಗೆಗೂ ದುರಸ್ತಿಗೂ ಬೇಕು. ತೋಟದ ಮೇಲಿನ ಸಾಲಕ್ಕೆ ಕಾರಿನ ಸಾಲವನ್ನೂ ಸೇರಿಸುವುದಾದರೆ ಈ ಮಾತು ಇನ್ನಷ್ಟು ನಿಜ, ಏಕೆಂದರೆ ಅಕಾಲದ ಮಳೆ ಹೂವಿಗೆ ಬಿದ್ದ ವರ್ಷವೂ ಕಂತು ನಿಲ್ಲುವುದಿಲ್ಲ.

ಕೊನೆಯದಾಗಿ, ಕೀಲಿಗಳು ಎರಡಿವೆಯೇ ಎಂದು ಕೇಳಬೇಕು. ಇಂತಹ ಕಾರಿನ ಕೀಲಿಯನ್ನು ವಿಜಯಪುರದ ಪೇಟೆಯಲ್ಲಿ ಅರಗಿನ ಅಚ್ಚು ತೆಗೆಸಿ ಮಾಡಿಸಲಾಗದು. ಅದರೊಳಗೆ ಆ ಕಾರಿಗೆ ಮಾತ್ರ ಹೊಂದುವ ಗುಪ್ತ ಸಂಕೇತವಿರುತ್ತದೆ. ಒಡೆತನದ ಕಾಗದ ತೋರಿಸಿ ಕಂಪನಿಯಿಂದಲೇ ತರಿಸಬೇಕು, ಹತ್ತಾರು ಸಾವಿರ ರೂಪಾಯಿ ಹಿಡಿಯುತ್ತದೆ. ಎರಡನೆಯದು ಊರಲ್ಲಿ ಉಳಿದಿದೆ, ಆಮೇಲೆ ಕಳಿಸುತ್ತೇವೆ ಎಂದರೆ ಆ ಕೀಲಿ ಬರುವವರೆಗೆ ಪೂರ್ತಿ ಹಣ ಕೊಡದೆ, ಬಂದ ಮೇಲೆ ಎರಡರಿಂದಲೂ ಬಾಗಿಲು ತೆರೆದು, ಎರಡರಿಂದಲೂ ಇಂಜಿನ್ ಚಾಲೂ ಮಾಡಿ ನೋಡಬೇಕು.